ಕಂಪನಿಯ ವರದಿಯೊಳಗಿಂದ ನಮ್ಮೂರ ಕಾರ್ಖಾನೆಯ ಇಂಗಾಲದ ಲೆಕ್ಕ ಬಿಡಿಸುವುದು ಹೇಗೆ?

ಬಿಣಗಾ_ಗುಡ್ಡ

ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ವರ್ಷವರ್ಷವೂ ಕೊಡುವ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯನ್ನು ವಿವರಿಸುವ ಬಿಆರ್‌ಎಸ್‌ಆರ್ ವರದಿಯಲ್ಲಿ ಹಸಿರುಮನೆ ಅನಿಲಗಳ ಅಂಕಿ ಇರುತ್ತದೆ. ಆದರೆ ಅದು ಇಡೀ ಕಂಪನಿಯದು. ಐದಾರು ರಾಜ್ಯಗಳಲ್ಲಿ ಹತ್ತಿಪ್ಪತ್ತು ಘಟಕ ಇದ್ದರೆ ಎಲ್ಲ ಸೇರಿಸಿ ಒಂದೇ ಸಾಲು. ಕಾರವಾರದ್ದೆಷ್ಟು, ದಾಂಡೇಲಿಯದ್ದೆಷ್ಟು ಎಂದು ಕೇಳಿದರೆ ಆ ಸಾಲಿನಲ್ಲಿ ಉತ್ತರವಿಲ್ಲ. ಹೊಗೆ ಬೀಳುವುದು, ನೀರು ಎತ್ತುವುದು ಮಾತ್ರ ಒಂದು ನಿರ್ದಿಷ್ಟ ಊರಿನಲ್ಲಿ.

ನನಗೆ ಬೇಕಾದ್ದು ಮೂರು. ಒಂದೊಂದು ಘಟಕದ ಅಂಕಿ ಯಾವ ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ? ಗೇಟಿನ ಒಳಗೆ ಕಾಲಿಡದೆ ಅದನ್ನು ಒರೆಗೆ ಹಚ್ಚುವುದು ಹೇಗೆ? "ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟಿದ್ದೇವೆ, ಇಷ್ಟು ಇಂಗಾಲ ಹೀರಿತು" ಎಂಬ ಮಾತನ್ನು ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದೇ? ಯಾವ ಕಂಪನಿಯ ಹೆಸರೂ ಬೇಡ, ವಿಧಾನ ಹೇಳಿ ಸಾಕು.

ಲೆಕ್ಕಪತ್ರ_ಶಿರಸಿ

ಮೊದಲು ವರದಿಯನ್ನೇ ಸರಿಯಾಗಿ ಓದೋಣ. ಬಿಆರ್‌ಎಸ್‌ಆರ್ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದ ಕಂಪನಿಗಳಿಗೆ ಕಡ್ಡಾಯ. ಒಂಬತ್ತು ತತ್ವಗಳಲ್ಲಿ ಆರನೆಯದು ಪರಿಸರದ್ದು. ಸ್ಕೋಪ್ 1, ಅಂದರೆ ತನ್ನ ಬಾಯ್ಲರು, ಜನರೇಟರು, ವಾಹನದಲ್ಲಿ ಸುಟ್ಟದ್ದು, ಮತ್ತು ಸ್ಕೋಪ್ 2, ಅಂದರೆ ಕೊಂಡ ವಿದ್ಯುತ್ತಿನದು, ಇವೆರಡೂ ಕಡ್ಡಾಯದ ಪಟ್ಟಿಯಲ್ಲಿವೆ. ಸ್ಕೋಪ್ 3, ಅಂದರೆ ಕಚ್ಚಾಮಾಲು, ಬಾಡಿಗೆ ಲಾರಿ, ಮಾರಿದ ಸರಕಿನ ಬಳಕೆ ಇತ್ಯಾದಿ, ಐಚ್ಛಿಕ ಪಟ್ಟಿಯಲ್ಲಿದೆ. ಅಲ್ಲಿ ಖಾಲಿ ಬಿಟ್ಟರೂ ನಿಯಮ ಮುರಿದಂತಲ್ಲ.

ಓದುವಾಗ ಎರಡು ಕಡೆ ಬೆರಳಿಟ್ಟು ನೋಡಿ.

ಮೊದಲ ವಿಭಾಗದಲ್ಲಿ ವರದಿಯ ವ್ಯಾಪ್ತಿ ಬರೆದಿರುತ್ತದೆ: ಕಂಪನಿ ಒಂದರದ್ದೋ, ಅಂಗಸಂಸ್ಥೆಗಳನ್ನೂ ಸೇರಿಸಿದ್ದೋ ಎಂದು. ಒಂದು ವರ್ಷ ಸೇರಿಸಿ ಮರುವರ್ಷ ಬಿಟ್ಟರೆ ಒಂದು ಕೆಜಿ ಕಲ್ಲಿದ್ದಲೂ ಉಳಿಯದೆ ಅಂಕಿ ಇಳಿದಿರುತ್ತದೆ.

ಎರಡನೆಯದು "ಹಿಂದಿನ ವರ್ಷ" ಎಂಬ ಕಾಲಂ. ಹೋದ ವರ್ಷದ ವರದಿ ತೆಗೆದು ಅಲ್ಲಿ ಕೊಟ್ಟ ಅಂಕಿಯನ್ನು ಈ ಕಾಲಂ ಪಕ್ಕದಲ್ಲಿ ಇಡಿ. ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ಲೆಕ್ಕದ ವಿಧಾನ ಬದಲಾಗಿದೆ ಎಂದರ್ಥ, ಅದಕ್ಕೆ ಅಡಿಟಿಪ್ಪಣಿ ಇರಲೇಬೇಕು. ನೂರು ಪುಟ ಓದುವುದಕ್ಕಿಂತ ಈ ಹತ್ತು ನಿಮಿಷದ ಕೆಲಸದಲ್ಲಿ ಹೆಚ್ಚು ತಿಳಿಯುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ 2023ರ ಜೂನ್ ಕೊನೆಯಲ್ಲಿ ಅಧಿಸೂಚನೆಯಾಯಿತು. ಅದರಡಿ 2025ರ ಅಕ್ಟೋಬರಿನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಅಲ್ಕಲಿ, ಕಾಗದ ಈ ನಾಲ್ಕು ವಲಯದ 282 ಘಟಕಗಳಿಗೆ ಗುರಿ ನಿಗದಿಯಾಯಿತು. ಕೊನೆಯ ಎರಡೂ ವಲಯ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿವೆ: ಕಾರವಾರದ ಬಿಣಗಾದಲ್ಲಿ ಕ್ಲೋರ್-ಅಲ್ಕಲಿ ವಲಯದ ಕಾಸ್ಟಿಕ್ ಸೋಡಾ, ದಾಂಡೇಲಿಯಲ್ಲಿ ಕಾಗದ. ಗುರಿ ಹಾಕಿರುವುದು ಕಂಪನಿಗಲ್ಲ, ಘಟಕಕ್ಕೆ. ರಾಜ್ಯಪತ್ರದ ಅನುಬಂಧದಲ್ಲಿ ಘಟಕವಾರು ಸಾಲುಗಳಿವೆ. 2023-24ರ ಉತ್ಪಾದನೆ ಮತ್ತು ಪ್ರತಿ ಟನ್ನಿಗೆ ಎಷ್ಟು ಹೊರಸೂಸುವಿಕೆ ಎಂಬ ಎರಡು ಅಂಕಿ ಅಲ್ಲಿ ಹುಡುಕಿ, ಗುಣಿಸಿ. ಆ ಘಟಕದ ಒಟ್ಟು ಮೊತ್ತ ಬಂತು.

ಒಂದು ಎಚ್ಚರ. ಅಲ್ಲಿನ ಟನ್ "ಸಮಾನ ಉತ್ಪನ್ನ"ದ ಟನ್. ಬೇರೆಬೇರೆ ದರ್ಜೆಯ ಕಾಗದವನ್ನೆಲ್ಲ ಒಂದೇ ಅಳತೆಗೆ ಇಳಿಸಿರುತ್ತಾರೆ. ವಾರ್ಷಿಕ ವರದಿಯಲ್ಲಿ ಕಾಣುವ ಮಾರಾಟದ ಟನ್ನಿಗೆ ಅದು ಹೊಂದದಿದ್ದರೆ ಗಾಬರಿ ಬೇಡ.

ಘಟ್ಟದ_ಮೇಲೆ

ಲೆಕ್ಕಪತ್ರದವರೇ, ಆ ಗುರಿಗಳು ತೀವ್ರತೆಯ ಗುರಿಗಳು, ಅಂದರೆ ಒಟ್ಟು ಮೊತ್ತಕ್ಕಲ್ಲ, ಪ್ರತಿ ಟನ್ ಉತ್ಪನ್ನದ ಹೊರಸೂಸುವಿಕೆಗೆ ಹಾಕಿದ ಗುರಿಗಳು ಎಂಬುದನ್ನು ಇನ್ನೂ ದೊಡ್ಡದಾಗಿ ಹೇಳಬೇಕಿತ್ತು. ಉದಾಹರಣೆಗೆಂದೇ ಹಾಕಿದ ಅಂಕಿ: 1,50,000 ಟನ್ ಉತ್ಪಾದನೆ, ಟನ್ನಿಗೆ 1.20 ಟನ್. ಒಟ್ಟು 1,80,000 ಟನ್. ಗುರಿ 1.14 ಎಂದುಕೊಳ್ಳಿ. ಕಾರ್ಖಾನೆ ಗುರಿ ಮುಟ್ಟಿತು, ಆದರೆ ಉತ್ಪಾದನೆಯನ್ನು 1,80,000 ಟನ್ನಿಗೆ ಏರಿಸಿತು. ಒಟ್ಟು 2,05,200 ಟನ್. ತೀವ್ರತೆ ಶೇ 5 ಇಳಿದಿದೆ, ಗಾಳಿಗೆ ಹೋದದ್ದು ಶೇ 14 ಏರಿದೆ. ಎರಡು ವಾಕ್ಯವೂ ನಿಜ. ಜಾಹೀರಾತಿನಲ್ಲಿ ಬರುವುದು ಮೊದಲನೆಯದು ಮಾತ್ರ.

ಬಿಆರ್‌ಎಸ್‌ಆರ್‌ನ ರೂಪಾಯಿ ಲೆಕ್ಕದ ತೀವ್ರತೆ ಇನ್ನೂ ಕಷ್ಟದ್ದು. ಅದು ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಹೊರಸೂಸುವಿಕೆ ಎಂಬ ಭಾಗಾಕಾರ. ಕಾಗದದ ಬೆಲೆ ಏರಿದ ವರ್ಷ ಬಾಯ್ಲರಿನಲ್ಲಿ ಏನೂ ಬದಲಾಗದೆಯೂ ಆ ಅಂಕಿ ಇಳಿಯುತ್ತದೆ. ಬೆಲೆ ಬಿದ್ದ ವರ್ಷ ಒಳ್ಳೆಯ ಕೆಲಸ ಮಾಡಿದ ಕಾರ್ಖಾನೆಯೂ ಕೆಟ್ಟದಾಗಿ ಕಾಣುತ್ತದೆ. ಅದನ್ನು ಬದಿಗಿಟ್ಟು ಒಟ್ಟು ಟನ್ ಮತ್ತು ಉತ್ಪನ್ನದ ಟನ್ ಎರಡನ್ನೇ ನೋಡಿ.

ಲೆಕ್ಕಪತ್ರ_ಶಿರಸಿ

ಒಪ್ಪಿದೆ. ಆದರೂ ಟನ್ನಿನ ಲೆಕ್ಕದ ತೀವ್ರತೆಯನ್ನು ತಳ್ಳಿಹಾಕಬೇಡಿ. ಒಂದು ಕಾರ್ಖಾನೆ ಮುಚ್ಚಿ ಅದೇ ಸರಕು ಬೇರೆ ರಾಜ್ಯದ ಹಳೇ ಯಂತ್ರದಿಂದ ಬಂದರೆ ಇಲ್ಲಿನ ಒಟ್ಟು ಇಳಿದು ದೇಶದ ಒಟ್ಟು ಏರಬಹುದು. ಎರಡೂ ಅಂಕಿ ಅಕ್ಕಪಕ್ಕ ಇರಲಿ. ಗುರಿಗಿಂತ ಕೆಳಗಿಳಿಸಿದವರಿಗೆ ಸಿಗುವ ಕ್ರೆಡಿಟ್ಟನ್ನು ಗುರಿ ಮುಟ್ಟದವರು ಕೊಳ್ಳುವ ದಾರಿ ಇದೆ. ಅದನ್ನೂ ಮಾಡದಿದ್ದರೆ ಆ ಅವಧಿಯ ಕ್ರೆಡಿಟ್ಟಿನ ಸರಾಸರಿ ಬೆಲೆಯ ಎರಡು ಪಟ್ಟು ಪರಿಸರ ಪರಿಹಾರ ಕಟ್ಟಬೇಕು. ಹಾಗಾಗಿ ತೀವ್ರತೆಯ ಅಂಕಿಗೆ ಈಗ ದುಡ್ಡಿನ ತೂಕ ಬಂದಿದೆ. ಇನ್ನು ಮುಂದೆ ಅದನ್ನು ಹಗುರವಾಗಿ ಬರೆಯುವುದು ಕಷ್ಟ.

ಬಾಯ್ಲರ್_ಮನೆ

ಎರಡನೇ ಪ್ರಶ್ನೆಗೆ ನನ್ನ ಪಾಲು. ಚಿಮಣಿಯಲ್ಲಿ ಇಂಗಾಲದ ಡೈಆಕ್ಸೈಡ್ ಅಳೆದು ವರದಿ ಬರೆಯುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸುಟ್ಟ ಇಂಧನದ ತೂಕವನ್ನು ಗುಣಾಂಕದಿಂದ (ಒಂದು ಟನ್ ಇಂಧನಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಅಂಕಿಯಿಂದ) ಗುಣಿಸುತ್ತಾರೆ, ಅಷ್ಟೇ. ತಪ್ಪು ನುಸುಳುವುದೂ ಅಲ್ಲೇ.

ಕಲ್ಲಿದ್ದಲು ನೋಡಿ. ಕೆಜಿಗೆ 4000 ಕಿಲೋಕ್ಯಾಲರಿಯ ದೇಶಿ ಕಲ್ಲಿದ್ದಲಿನ ಒಂದು ಟನ್ನಿನಲ್ಲಿ ಸುಮಾರು 16.75 ಗಿಗಾಜೂಲ್ ಶಾಖ. ಗಿಗಾಜೂಲಿಗೆ ಸುಮಾರು 96 ಕೆಜಿ ಎಂದರೆ 1.6 ಟನ್ ಇಂಗಾಲದ ಡೈಆಕ್ಸೈಡ್. 6000 ಕಿಲೋಕ್ಯಾಲರಿಯ ಆಮದು ಕಲ್ಲಿದ್ದಲಾದರೆ 25 ಗಿಗಾಜೂಲ್, ಹತ್ತಿರಹತ್ತಿರ 2.4 ಟನ್. ಆಮದು ಮಾಲಿಗೆ ದೇಶಿ ಗುಣಾಂಕ ಹಾಕಿದರೆ ಮೂರನೇ ಒಂದು ಪಾಲು ಮಾಯ. ಆದ್ದರಿಂದ ಟನ್ ಕೇಳಿದರೆ ಸಾಲದು, ಶಾಖಮೌಲ್ಯವನ್ನೂ ಕೇಳಿ. ಅದು ತೇವ ಸಹಿತ ಅಳೆದದ್ದೋ ಒಣಗಿಸಿ ಅಳೆದದ್ದೋ ಅಂತಲೂ ಕೇಳಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಕಲ್ಲಿದ್ದಲು ನೀರು ಕುಡಿದು ತೂಗುತ್ತದೆ. ಲೆಕ್ಕದಲ್ಲಿ ಟನ್ ಹೆಚ್ಚು, ಬೆಂಕಿಯಲ್ಲಿ ಶಾಖ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟ್ ತೂಕದ ಯಂತ್ರದ ಅಂಕಿಯನ್ನು ತೇವಾಂಶ ಕಳೆಯದೆ ಬಳಸಿದರೆ ಆ ನಾಲ್ಕು ತಿಂಗಳ ಲೆಕ್ಕ ಕೆಡುತ್ತದೆ.

ಕಾಗದದ ಕಾರ್ಖಾನೆಯಲ್ಲಿ ಇನ್ನೊಂದು ವಿಷಯ. ಮರದ ಪಲ್ಪ್ ತೆಗೆದ ಮೇಲೆ ಉಳಿಯುವ ಬ್ಲ್ಯಾಕ್ ಲಿಕರನ್ನು ರಿಕವರಿ ಬಾಯ್ಲರಿನಲ್ಲಿ ಸುಡುತ್ತಾರೆ. ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ಮರದ್ದು. ಅಂತಾರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಅದನ್ನು ಸ್ಕೋಪ್ 1ಕ್ಕೆ ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು. "ನಮ್ಮ ಶಾಖದಲ್ಲಿ ಇಷ್ಟು ಭಾಗ ಜೈವಿಕ ಇಂಧನ" ಎಂದು ಹೇಳಿ ಈ ಪ್ರತ್ಯೇಕ ಸಾಲನ್ನೇ ಬಿಟ್ಟರೆ ವರದಿ ಅರ್ಧ ಮಾತ್ರ. ಆ ಮರ ಎಲ್ಲಿಂದ ಬಂತು, ಕಡಿದ ಕಡೆ ಮತ್ತೆ ಬೆಳೆಯಿತೇ ಎಂಬುದರ ಮೇಲೆ ಆ "ಜೈವಿಕ" ಎಂಬ ಪದ ನಿಲ್ಲುತ್ತದೆ.

ಕಾಸ್ಟಿಕ್ ಸೋಡಾದ ಕಥೆ ವಿದ್ಯುತ್ತಿನದು. ಉಪ್ಪುನೀರಿಗೆ ವಿದ್ಯುತ್ತು ಹಾಯಿಸುವ ಮೆಂಬ್ರೇನ್ ಸೆಲ್ಲಿನಲ್ಲಿ ಒಂದು ಟನ್ ಕಾಸ್ಟಿಕ್ಕಿಗೆ 2,200ರಿಂದ 2,500 ಯೂನಿಟ್ ಬೇಕು. ಜೊತೆಗೆ ಸುಮಾರು 25 ಕೆಜಿ ಹೈಡ್ರೋಜನ್ ಬರುತ್ತದೆ, ಅಂದರೆ 3 ಗಿಗಾಜೂಲ್ ಶಾಖ. ಅದನ್ನು ಬಾಯ್ಲರಿಗೆ ಕೊಟ್ಟರೆ ಮೇಲೆ ಹೇಳಿದ ದೇಶಿ ಕಲ್ಲಿದ್ದಲು ಸುಮಾರು 180 ಕೆಜಿ ಉಳಿಯುತ್ತದೆ. ಹೈಡ್ರೋಜನ್ ಎಷ್ಟು ಬಳಸಿದಿರಿ, ಎಷ್ಟು ಗಾಳಿಗೆ ಬಿಟ್ಟಿರಿ ಎಂಬುದು ಇಂಥ ಘಟಕಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ.

ಕಾಳಿ_ದಂಡೆ

ಕೈಗಾದ ಅಣುಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ ಇವೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಜಲವಿದ್ಯುತ್ ಕೇಂದ್ರ ಎಲ್ಲ ಇದೇ ಕಾಳಿ ಹೊಳೆಯಲ್ಲಿ. ಹಾಗಿದ್ದಮೇಲೆ ಕಾರವಾರದ ಕಾರ್ಖಾನೆ ಕೊಳ್ಳುವ ಕರೆಂಟಿಗೆ ಇಂಗಾಲ ಎಲ್ಲಿಂದ ಬರಬೇಕು ಮಾರಾಯ್ರೇ? ಕಲ್ಲಿದ್ದಲಿನ ಲೆಕ್ಕ ಇಲ್ಲಿಯವರ ತಲೆಗೆ ಯಾಕೆ?

ಲೆಕ್ಕಪತ್ರ_ಶಿರಸಿ

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಜೋಡಣೆಯಾಯಿತು. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಕೊಳ. ಕದ್ರಾದ ವಿದ್ಯುತ್ತು ಬಿಣಗಾಕ್ಕೇ ಬಂತು ಎಂದು ಯಾರೂ ಹೇಳಲಾರರು. ಅದಕ್ಕೇ ಕೇಂದ್ರ ವಿದ್ಯುತ್ ಪ್ರಾಧಿಕಾರ ದೇಶಕ್ಕೆಲ್ಲ ಒಂದೇ ಗುಣಾಂಕ ಪ್ರಕಟಿಸುತ್ತದೆ. 2023-24ಕ್ಕೆ ಅದು ಯೂನಿಟ್ಟಿಗೆ 0.727 ಕೆಜಿ. ಒಂದು ಟನ್ ಕಾಸ್ಟಿಕ್ಕಿಗೆ 2,400 ಯೂನಿಟ್ ಎಂದರೆ ವಿದ್ಯುತ್ತಿನದೇ 1.74 ಟನ್ ಆಯಿತು. ಕೈಗಾ, ಕಾಳಿಯ ಪುಣ್ಯ ಆ 0.727ರೊಳಗೆ ಎಲ್ಲರಿಗೂ ಹಂಚಿ ಹೋಗಿದೆ.

ಇದನ್ನೇ ತಾಳೆ ನೋಡಲು ಬಳಸಿ. ವರದಿಯಲ್ಲಿ ಕೊಂಡ ವಿದ್ಯುತ್ತು ಜೂಲಿನಲ್ಲಿರುತ್ತದೆ, ನವೀಕರಿಸಬಹುದಾದದ್ದು ಬೇರೆ, ಉಳಿದದ್ದು ಬೇರೆ. ಉಳಿದದ್ದು 3,60,000 ಗಿಗಾಜೂಲ್ ಇದೆ ಎಂದುಕೊಳ್ಳಿ. 3.6ರಿಂದ ಭಾಗಿಸಿದರೆ 1,00,000 ಮೆಗಾವಾಟ್-ಗಂಟೆ. 0.727ರಿಂದ ಗುಣಿಸಿದರೆ 72,700 ಟನ್. ಸ್ಕೋಪ್ 2ರಲ್ಲಿ 70,000ದ ಆಸುಪಾಸು ಇದ್ದರೆ ಸರಿ, ಹಳೇ ವರ್ಷದ ಗುಣಾಂಕ ಹಾಕಿರಬಹುದು. 40,000 ಇದ್ದರೆ ವಿವರಣೆ ಬೇಕು. ಕೊಂಡ ಹಸಿರು ಪ್ರಮಾಣಪತ್ರಗಳನ್ನು ಕಳೆದು ಮಾರುಕಟ್ಟೆ ಆಧಾರದ ಲೆಕ್ಕ ಕೊಟ್ಟಿರಬಹುದು. ಹಾಗೆ ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಸ್ಥಳ ಆಧಾರದ, ಅಂದರೆ ಗ್ರಿಡ್ಡಿನ ಸರಾಸರಿ ಗುಣಾಂಕದ, ಲೆಕ್ಕವನ್ನೂ ಪಕ್ಕದಲ್ಲಿ ಕೊಡುವುದು ಪ್ರಾಮಾಣಿಕ ಪದ್ಧತಿ.

ಬಿಣಗಾ_ಗುಡ್ಡ

ಚಿಮಣಿಯ ಆನ್‌ಲೈನ್ ಮಾಪನ ಮಾಲಿನ್ಯ ಮಂಡಳಿಯ ಸರ್ವರಿಗೆ ನೇರ ಹೋಗುತ್ತದಲ್ಲ, ಅದು ಈ ಕೆಲಸಕ್ಕೆ ಬರುವುದಿಲ್ಲವೇ?

ಬಾಯ್ಲರ್_ಮನೆ

ಅರ್ಧ ಕೆಲಸಕ್ಕೆ ಬರುತ್ತದೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ವರ್ಗದ ಕೈಗಾರಿಕೆಗಳಿಗೆ ಆನ್‌ಲೈನ್ ಮಾಪನ ಹಾಕಿಸಲು ಹೇಳಿತು. ಕಾಗದ, ಕಾಸ್ಟಿಕ್ ಎರಡೂ ಅದರಲ್ಲಿವೆ. ಆದರೆ ಅಲ್ಲಿ ಅಳೆಯುವುದು ಧೂಳು, ಗಂಧಕ-ಸಾರಜನಕದ ಆಕ್ಸೈಡು, ಹೊರಬಿಡುವ ನೀರಿನ ಗುಣ ಮತ್ತು ಹರಿವು. ಹವಾಮಾನದ ಲೆಕ್ಕಕ್ಕೆಂದು ಮಾಡಿದ ವ್ಯವಸ್ಥೆ ಅದಲ್ಲ. ಹಾಗಿದ್ದರೂ ಬಾಯ್ಲರು ಯಾವ ದಿನ ಓಡಿತು, ಯಾವ ದಿನ ನಿಂತಿತು ಎಂಬುದು ಧೂಳಿನ ಗೆರೆಯಲ್ಲೇ ಕಾಣುತ್ತದೆ. ವರ್ಷಕ್ಕೆ 330 ದಿನ ಓಡಿದ ಬಾಯ್ಲರಿಗೆ 200 ದಿನದ ಕಲ್ಲಿದ್ದಲು ತೋರಿಸಿದರೆ ಪ್ರಶ್ನೆ ಏಳಬೇಕು.

ಆ ದತ್ತಾಂಶ ಸಿಕ್ಕರೆ ಮೊದಲು ಅದರ ಆರೋಗ್ಯ ನೋಡಿ. 15 ನಿಮಿಷಕ್ಕೊಂದು ಅಂಕಿ ಎಂದರೆ ದಿನಕ್ಕೆ 96. ಎಷ್ಟು ಇವೆ ಎಣಿಸಿ. ಒಂದೇ ಅಂಕಿ ದಶಮಾಂಶದವರೆಗೂ ಗಂಟೆಗಟ್ಟಲೆ ಅಲುಗದೆ ನಿಂತಿದ್ದರೆ ಸಂವೇದಕ ಕೆಟ್ಟಿದೆ ಅಥವಾ ಹೆಪ್ಪುಗಟ್ಟಿದೆ. ಬಾಯ್ಲರು ನಿಂತಾಗಲೂ ಓಡುವಾಗಲೂ ಒಂದೇ ಅಂಕಿ ಬಂದರೆ ಕ್ಯಾಲಿಬ್ರೇಷನ್ ತಪ್ಪಿದೆ. ಮಿತಿಗಿಂತ ಸ್ವಲ್ಪ ಕೆಳಗೆ ಕತ್ತರಿಸಿದ ಹಾಗೆ ಚಪ್ಪಟೆ ತುದಿ ಕಂಡರೆ ಮಾಪಕದ ಗರಿಷ್ಠ ಮಿತಿಯನ್ನು ಕಡಿಮೆ ಹೊಂದಿಸಿರಬಹುದು. ಯಂತ್ರದಿಂದ ಬಂದ ಅಂಕಿ ಎಂದ ಮಾತ್ರಕ್ಕೆ ಸತ್ಯವಾಗುವುದಿಲ್ಲ.

ಅಳಿವೆ_ಬಳಚು

ಕಾಂಡ್ಲಾದ ಪ್ರಶ್ನೆ ನನಗೆ ಬಿಡಿ. ಅಘನಾಶಿನಿ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಇಲ್ಲಿ ಗಿಡ ನೆಡುವ ಉತ್ಸಾಹ ಎಲ್ಲರಿಗೂ ಬರುತ್ತದೆ. ನೆಟ್ಟದ್ದು ಉಳಿಯಿತೇ ಎಂದು ನೋಡುವವರು ಬೇಕು.

ಬೇಕಾದ್ದು ಉಚಿತವಾಗಿ ಸಿಗುತ್ತದೆ. ಯುರೋಪಿನ ಉಪಗ್ರಹ ಚಿತ್ರಗಳ ಜಾಲತಾಣ ಕೋಪರ್ನಿಕಸ್ ಬ್ರೌಸರಿನಲ್ಲಿ ಖಾತೆ ತೆರೆಯಿರಿ. ಸೆಂಟಿನೆಲ್-2 ಉಪಗ್ರಹ, ಎಲ್2ಎ ದರ್ಜೆ (ವಾತಾವರಣದ ಪ್ರಭಾವ ಕಳೆದ ಚಿತ್ರ) ಆರಿಸಿ. ಒಂದು ಚುಕ್ಕಿ 10 ಮೀಟರ್, ಸುಮಾರು ಐದು ದಿನಕ್ಕೊಂದು ಚಿತ್ರ. ಮೋಡದ ಮಿತಿ ಶೇ 20ಕ್ಕೆ ಇಳಿಸಿ. ನೆಟ್ಟ ಜಾಗದ ಗಡಿಯನ್ನು ಬರೆದು ಉಳಿಸಿಕೊಳ್ಳಿ. ಗಡಿಯ ಅಕ್ಷಾಂಶ-ರೇಖಾಂಶ ಕೊಡದೆ "ಅಳಿವೆ ಪ್ರದೇಶದಲ್ಲಿ 50 ಸಾವಿರ ಗಿಡ" ಎಂದಷ್ಟೇ ಹೇಳಿದರೆ ಪರೀಕ್ಷೆ ಅಲ್ಲಿಗೇ ನಿಂತಿತು, ಮೊದಲು ಗಡಿ ಕೇಳಿ. ಆಮೇಲೆ ಹಸಿರಿನ ಸೂಚ್ಯಂಕ ಎನ್‌ಡಿವಿಐ ತೆಗೆಯಿರಿ: ಬಿ8ರಿಂದ (ಅವಗೆಂಪಿಗೆ ಹತ್ತಿರದ ಬೆಳಕು) ಬಿ4 (ಕೆಂಪು ಬೆಳಕು) ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು. ನೆಡುವ ಹಿಂದಿನ ವರ್ಷದಿಂದ ಇವತ್ತಿನವರೆಗೆ ಪ್ರತಿ ವರ್ಷದ ಒಂದೇ ಕಾಲದ ಚಿತ್ರ ಸಾಲಾಗಿ ಇಡಿ.

ಇಲ್ಲಿನ ಕರಾವಳಿಗೆ ವಿಶೇಷವಾದ ತೊಡಕು ಇವು.

ಉಪಗ್ರಹ ಹಾದುಹೋಗುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಆ ಹೊತ್ತಿಗೆ ಉಬ್ಬರವಿದ್ದರೆ ಸಣ್ಣ ಸಸಿ ನೀರಿನಡಿ, ಸೂಚ್ಯಂಕ ಸೊನ್ನೆಯ ಕೆಳಗೆ. ಇಳಿತದ ದಿನದ ಚಿತ್ರಕ್ಕೂ ಉಬ್ಬರದ ದಿನದ ಚಿತ್ರಕ್ಕೂ ಹೋಲಿಸಿದರೆ ಇಲ್ಲದ ಕಾಡು ಹುಟ್ಟುತ್ತದೆ, ಇದ್ದದ್ದು ಸಾಯುತ್ತದೆ. ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ಪಕ್ಕದಲ್ಲಿಟ್ಟು ಇಳಿತದ ದಿನಗಳನ್ನೇ ಆರಿಸಿ.

ಒಂದು ಹೆಕ್ಟೇರಿಗೆ 100 ಚುಕ್ಕಿ. ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಕಟ್ಟೆಯ ಉದ್ದಕ್ಕೆ ಎರಡು ಸಾಲು ನೆಟ್ಟದ್ದು ಒಂದು ಚುಕ್ಕಿಯ ಅಗಲಕ್ಕೂ ಬರುವುದಿಲ್ಲ, ಉಪಗ್ರಹದಲ್ಲಿ ಹುಡುಕಬೇಡಿ. ಅದಕ್ಕೆ ನೆಲದ ಮೇಲೆ ಎಣಿಕೆಯೇ ಆಗಬೇಕು: 10 ಮೀಟರ್ ಚೌಕಗಳನ್ನು ಮೊದಲೇ ಆರಿಸಿಟ್ಟು, ವರ್ಷಕ್ಕೊಮ್ಮೆ ಅದೇ ಚೌಕದಲ್ಲಿ ಬದುಕಿದ ಗಿಡ ಎಣಿಸುವುದು, ಸ್ಥಳದ ಗುರುತಿನೊಂದಿಗೆ ಫೋಟೊ ತೆಗೆಯುವುದು.

ಗುಡ್ಡದ ಮೇಲಿನ ನೆಡುತೋಪಿಗೆ ಬೇರೆ ಎಚ್ಚರ. ಮಳೆ ನಿಂತ ಅಕ್ಟೋಬರಿನಲ್ಲಿ ಕೆಂಪುಕಲ್ಲಿನ ಬೋಳು ಗುಡ್ಡವೂ ಹುಲ್ಲಿನಿಂದ ಹಸಿರು. ಆ ತಿಂಗಳ ಚಿತ್ರ ತೋರಿಸಿದರೆ ಎಲ್ಲ ನೆಡುತೋಪೂ ಗೆದ್ದಂತೆ ಕಾಣುತ್ತದೆ. ಮಾರ್ಚ್-ಏಪ್ರಿಲಿನಲ್ಲಿ ಹುಲ್ಲು ಒಣಗಿದ ಮೇಲೆ ನೋಡಿ, ಆಗ ಉಳಿಯುವ ಹಸಿರು ಮರದ್ದು. ಅದು ಅಕೇಶಿಯವೋ ಹೊನ್ನೆ-ಮತ್ತಿಯೋ ಎಂದು ಮಾತ್ರ ಈ ಸೂಚ್ಯಂಕ ಹೇಳಲಾರದು.

ಜೂನ್‌ನಿಂದ ಸೆಪ್ಟೆಂಬರ್ ಮೋಡವೇ ಮೋಡ. ಆ ತಿಂಗಳುಗಳಲ್ಲಿ ಮಣ್ಣು ತುಂಬಿದ, ಕಡಿದ ಗುರುತು ಬೇಕಿದ್ದರೆ ಸೆಂಟಿನೆಲ್-1ರ ರೇಡಾರ್ ಚಿತ್ರ ನೋಡಬೇಕು, ಅದು ಮೋಡ ತೂರಿ ಬರುತ್ತದೆ.

ಇನ್ನು ಎಷ್ಟೇ ಗಿಡ ಬದುಕಿದರೂ ಅದನ್ನು ಸ್ಕೋಪ್ 1ರಿಂದ ಕಳೆದು ತೋರಿಸುವಂತಿಲ್ಲ. ಸುಟ್ಟದ್ದು ಒಂದು ಸಾಲು, ಹೀರಿದ್ದು ಬೇರೊಂದು ಸಾಲು.

ಐಸ್‌ಪ್ಲಾಂಟ್_ಅಂಕೋಲಾ

ಸ್ಕೋಪ್ 3 ಐಚ್ಛಿಕ ಎಂದಿರಿ. ಆದರೆ ದೊಡ್ಡ ಖರೀದಿದಾರರು ಮೀನು ಸಂಸ್ಕರಣೆಯವರಿಗೆ, ಅವರು ಐಸಿನವರಿಗೆ, ಲಾರಿಯವರಿಗೆ ಆನ್‌ಲೈನ್ ಪ್ರಶ್ನಾವಳಿ ಕಳಿಸುತ್ತಿದ್ದಾರೆ. ಸಣ್ಣವರು ಏನು ತುಂಬಬೇಕು?

ಲೆಕ್ಕಪತ್ರ_ಶಿರಸಿ

ಬಿಲ್ಲು ಇದ್ದದ್ದನ್ನು ಮಾತ್ರ ತುಂಬಿ, ಅಂದಾಜನ್ನು "ಅಂದಾಜು" ಎಂದೇ ಬರೆಯಿರಿ.

ವಿದ್ಯುತ್ತು: ಹೆಸ್ಕಾಂ ಬಿಲ್ಲಿನ ಯೂನಿಟ್. ಮೀಟರಿನ ಮೇಲೆ ಕಾಣುವ ಅಂಕಿಯಲ್ಲ. ಎಚ್‌ಟಿ (ಹೈ ಟೆನ್ಷನ್) ಮೀಟರಿನಲ್ಲಿ ಅದನ್ನು ಗುಣಕದಿಂದ ಗುಣಿಸಬೇಕು, ಬಿಲ್ಲಿನಲ್ಲಿ ಅದು ಆಗಿಯೇ ಇರುತ್ತದೆ. ತಿಂಗಳಿಗೆ 42,000 ಯೂನಿಟ್, 600 ಟನ್ ಐಸ್ ಆದರೆ ಟನ್ನಿಗೆ 70 ಯೂನಿಟ್, ಅಂದರೆ 51 ಕೆಜಿ ಇಂಗಾಲದ ಡೈಆಕ್ಸೈಡ್. ಖರೀದಿದಾರರಿಗೆ ಕೊಟ್ಟ ಟನ್ನಿಗೆ ತಕ್ಕಷ್ಟೇ ಪಾಲು ಹಂಚಿ, ಇಡೀ ಪ್ಲಾಂಟಿನದನ್ನು ಒಬ್ಬರ ಹೆಸರಿಗೆ ಬರೆಯಬೇಡಿ.

ಡೀಸೆಲ್: ಲೀಟರಿಗೆ 2.68 ಕೆಜಿ. ಕಾರವಾರದಿಂದ ಅರೆಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಸುಮಾರು 165 ಕಿಮೀ. ತುಂಬಿದ ಲಾರಿ ಲೀಟರಿಗೆ 3.5 ಕಿಮೀ ಕೊಟ್ಟರೆ 47 ಲೀಟರ್, 126 ಕೆಜಿ. ಖಾಲಿ ಬರುವ ದಾರಿಯನ್ನೂ ಸೇರಿಸಿ. ಬಯಲುಸೀಮೆಯ ಸರಾಸರಿ ಮೈಲೇಜನ್ನು ತಂತ್ರಾಂಶ ತಾನೇ ತುಂಬಿಕೊಂಡರೆ ಘಟ್ಟದ ಡೀಸೆಲ್ ಲೆಕ್ಕದಿಂದ ಜಾರುತ್ತದೆ.

ತಂಪಿನ ಅನಿಲ: ಎಲ್ಲರೂ ಮರೆಯುವುದು ಇದನ್ನೇ. ಅಮೋನಿಯಾ ಇದ್ದರೆ ಹವಾಮಾನದ ಲೆಕ್ಕಕ್ಕೆ ಸೊನ್ನೆ. ಆದರೆ ಕೋಲ್ಡ್ ಸ್ಟೋರೇಜಿನಲ್ಲಿ ಆರ್-404ಎ ಇದ್ದರೆ ಅದರ ಒಂದು ಕೆಜಿ ಸೋರಿಕೆ 3,922 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ವರ್ಷಕ್ಕೆ 10 ಕೆಜಿ ತುಂಬಿಸಿದ ಬಿಲ್ಲಿದ್ದರೆ 39 ಟನ್, ಸುಮಾರು 14,600 ಲೀಟರ್ ಡೀಸೆಲ್ ಸುಟ್ಟಂತೆ. ಮೆಕ್ಯಾನಿಕ್ ಕೊಟ್ಟ ಚೀಟಿಯಲ್ಲಿ "ಗ್ಯಾಸ್ ಚಾರ್ಜಿಂಗ್" ಎಂದಷ್ಟೇ ಬರೆಸಿಕೊಳ್ಳಬೇಡಿ, ಅನಿಲದ ಹೆಸರು ಮತ್ತು ಕೆಜಿ ಬರೆಸಿ.

ಘಟ್ಟದ_ಮೇಲೆ

ವರದಿಗಳನ್ನು ಎಐಗೆ ಕೊಟ್ಟು ಅಂಕಿ ತೆಗೆಸಬಹುದೇ? ಇಪ್ಪತ್ತು ಕಂಪನಿ, ಮೂರು ವರ್ಷ ಎಂದರೆ ಕೈಯಲ್ಲಿ ಕಷ್ಟ.

ಲೆಕ್ಕಪತ್ರ_ಶಿರಸಿ

ಪಿಡಿಎಫ್ ಕೊಡಬೇಡಿ. ಷೇರುಪೇಟೆಯ ಜಾಲತಾಣದಲ್ಲಿ ಅದೇ ವರದಿ ಎಕ್ಸ್‌ಬಿಆರ್‌ಎಲ್ ರೂಪದಲ್ಲೂ ಇರುತ್ತದೆ. ಅಲ್ಲಿ ಪ್ರತಿ ಅಂಕಿಗೂ ಹೆಸರಿನ ಚೀಟಿ ಅಂಟಿಸಿರುತ್ತದೆ, ಎಕ್ಸೆಲ್ಲಿಗೆ ನೇರ ಇಳಿಸಬಹುದು. ಪಿಡಿಎಫ್‌ನಿಂದ ಎಐ ಓದುವಾಗ ಎರಡು ಕಾಲಂ ಅದಲುಬದಲಾಗುವುದು, ಗಿಗಾಜೂಲ್-ಟೆರಾಜೂಲ್ ಬೆರೆಯುವುದು, 1,00,000 ಎಂಬ ನಮ್ಮ ಅಲ್ಪವಿರಾಮದಲ್ಲಿ ಎಡವುವುದು ಆಗುತ್ತದೆ. ಎಕ್ಸ್‌ಬಿಆರ್‌ಎಲ್‌ನಲ್ಲೂ ಕಂಪನಿಯವರೇ ಏಕಮಾನ ತಪ್ಪಿ ತುಂಬಿರಬಹುದು. ಒಂದು ವರ್ಷದಿಂದ ಮರುವರ್ಷಕ್ಕೆ ಅಂಕಿ ಸಾವಿರ ಪಟ್ಟು ಹಾರಿದರೆ ಅದು ಏಕಮಾನದ ತಪ್ಪು, ಮಾಲಿನ್ಯವಲ್ಲ. ಆರೋಪ ಮಾಡುವ ಮುನ್ನ ಅದನ್ನು ನೋಡಿ.

ಬಿಣಗಾ_ಗುಡ್ಡ

ತಾಳೆಯಾಗದ ಅಂಕಿ ಕೈಯಲ್ಲಿದ್ದರೆ ಎಲ್ಲಿಗೆ ಒಯ್ಯುವುದು?

ಕಾಳಿ_ದಂಡೆ

ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಈಗ ಹೆಚ್ಚಿನ ಸಭೆಗಳು ವಿಡಿಯೊದಲ್ಲಿ ನಡೆಯುತ್ತವೆ, ಕಾರವಾರದಲ್ಲಿ ಕೂತೇ ಕೇಳಬಹುದು. ನೋಟಿಸಿನಲ್ಲಿ ಹೇಳಿದ ದಿನದೊಳಗೆ ಮಾತನಾಡುವವರ ಪಟ್ಟಿಗೆ ಹೆಸರು ಕೊಡಬೇಕು. ಪ್ರಶ್ನೆ ಚಿಕ್ಕದಿರಲಿ: "ಇಂಥ ಪುಟದ ಇಂಥ ಅಂಕಿಯನ್ನು 0.727ರಿಂದ ಗುಣಿಸಿದರೆ ಇಷ್ಟು, ವರದಿಯಲ್ಲಿ ಅಷ್ಟು, ವ್ಯತ್ಯಾಸ ಯಾಕೆ?" ಅದಕ್ಕೆ ಭಾಷಣದ ಉತ್ತರ ಕೊಡುವುದು ಕಷ್ಟ.

ಸರಕಿನ ಮೇಲೆ, ಜಾಹೀರಾತಿನಲ್ಲಿ ಸುಳ್ಳು ಹಸಿರು ಮಾತಿದ್ದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ತಂದಿದೆ. ಆಧಾರವಿಲ್ಲದೆ "ಪರಿಸರಸ್ನೇಹಿ", "ಇಂಗಾಲ ತಟಸ್ಥ" ಎನ್ನುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬಾಯ್ಲರ್_ಮನೆ

ದಾಖಲೆಗೆ ದಾರಿ ಎರಡು. ಪರಿಸರ ಅನುಮತಿ ಪಡೆದ ಘಟಕ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ಪಾಲನಾ ವರದಿ ಕೊಡಬೇಕು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಇಂಧನದ ವಿವರ ಹೆಚ್ಚಾಗಿ ಅದರ ಅನುಬಂಧದಲ್ಲಿ ಇರುತ್ತದೆ, ಮೊದಲ ಪುಟಗಳಲ್ಲಲ್ಲ. ಇನ್ನೊಂದು, ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ಮಂಡಳಿಗೆ ಕೊಡುವ ಫಾರ್ಮ್-5, ಪರಿಸರ ಹೇಳಿಕೆ. ನೀರು, ಕಚ್ಚಾಮಾಲಿನ ಬಳಕೆ ಅದರಲ್ಲಿದೆ. ಬಾಯ್ಲರಿನ ಸಾಮರ್ಥ್ಯ, ಇಂಧನ ಯಾವುದು ಎಂಬುದು ಮಂಡಳಿಯ ಸಮ್ಮತಿ ಪತ್ರದಲ್ಲಿ.

ಖಾಸಗಿ ಕಂಪನಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಾಗದು. ಮಂಡಳಿಯ ಕಾರವಾರ ಪ್ರಾದೇಶಿಕ ಕಚೇರಿಗೆ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಶುಲ್ಕ 10 ರೂಪಾಯಿ. ಫಾರ್ಮ್-5 ಒಂದು ಅರ್ಜಿ, ಸಮ್ಮತಿ ಪತ್ರ ಇನ್ನೊಂದು. ಸೇರಿಸಿ ಬರೆದರೆ ಆ ಒಂದೇ ನೆಪದಲ್ಲಿ ವಾಪಸ್ ಬರುತ್ತದೆ. "ವಿವರ ಕೊಡಿ" ಎನ್ನಬೇಡಿ, "2022-23ರಿಂದ 2024-25ರವರೆಗಿನ ಮೂರು ಫಾರ್ಮ್-5ರ ದೃಢೀಕೃತ ಪ್ರತಿ ಕೊಡಿ" ಎನ್ನಿ. 30 ದಿನದಲ್ಲಿ ಉತ್ತರ ಬರಬೇಕು. ವಾಣಿಜ್ಯ ಗೌಪ್ಯತೆ ಎಂದು ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕಾನೂನಿನಂತೆ ಸಲ್ಲಿಸಲೇಬೇಕಾದ ಹೇಳಿಕೆ ಅದು, ವ್ಯಾಪಾರದ ಗುಟ್ಟಲ್ಲ ಎಂಬ ಒಂದು ವಾಕ್ಯ ಮೇಲ್ಮನವಿಯಲ್ಲಿ ಇರಲಿ.

ಬಿಣಗಾ_ಗುಡ್ಡ

ಎರಡು ಅರ್ಜಿಯ ಕರಡು ಇವತ್ತೇ ಬರೆಯುತ್ತೇನೆ. ಹಾಳೆಯ ಕಾಲಂ ಹೀಗೆ ಇಟ್ಟಿದ್ದೇನೆ: ಘಟಕ, ವರ್ಷ, ಇಂಧನ, ಟನ್, ಶಾಖಮೌಲ್ಯ, ಕೊಂಡ ಯೂನಿಟ್, ಉತ್ಪನ್ನದ ಟನ್, ನಮ್ಮ ಲೆಕ್ಕ, ಅವರ ಲೆಕ್ಕ, ದಾಖಲೆಯ ಹೆಸರು-ಪುಟ. ಬಿಟ್ಟುಹೋದದ್ದಿದೆಯೇ?

ಬಾಯ್ಲರ್_ಮನೆ

ಜೈವಿಕ ಇಂಧನಕ್ಕೆ ಪ್ರತ್ಯೇಕ ಕಾಲಂ. ಹೈಡ್ರೋಜನ್‌ಗೆ ಒಂದು. ಗುಣಾಂಕ ಯಾವ ವರ್ಷದ್ದು ಎಂಬುದಕ್ಕೆ ಒಂದು.